‘ಒಬ್ಬರಿಗೆ ಒಂದೇ’ ಎಂಬ ನಿಮ್ಮ ಬೋರ್ಡೂ ಅಪರಿಚಿತರಾದ ನಮ್ಮ ಸಂಸಾರವೂ

ಬಸ್ ನಿಲ್ದಾಣದ ಎದುರಿನ ದೊಡ್ಡ ಅಂಗಡಿಯ ಮ್ಯಾನೇಜರ್ ಅವರಿಗೆ,

ಮಾನ್ಯರೇ,

ತಾವೂ, ತಮ್ಮ ಅಂಗಡಿಯೂ, ಸದಾ ಎಡಕ್ಕೇ ಎಳೆಯುವ ತಮ್ಮ ತಳ್ಳುಗಾಡಿಗಳೂ ಕ್ಷೇಮವೆಂದು ನಂಬಿ, ಇಬ್ಬರು ಗಂಡುಮಕ್ಕಳನ್ನು ಸಾಕಿ, ಇಬ್ಬರು ಸೊಸೆಯರನ್ನು ಸಹಿಸಿ, ಇದುವರೆಗೂ ಯಾರ ಮುಂದೆಯೂ ತಲೆ ತಗ್ಗಿಸದ ಹೆಂಗಸೊಬ್ಬಳು ಮಾಡುವ ನಮಸ್ಕಾರಗಳು.

ಗಿರಾಕಿಗಳ ಹಿತಕ್ಕಾಗಿ ತಾವು ಊಟ ನಿದ್ದೆ ಬಿಟ್ಟು ಚಿಂತಿಸುತ್ತಿರುವುದನ್ನು ‘ಮೂರು ಕೊಂಡರೆ ಒಂದು ಉಚಿತ’ ಎಂಬ ತಮ್ಮ ಕೆಂಪಕ್ಷರಗಳಲ್ಲಿ ಕಂಡು ಕಣ್ಣು ತುಂಬಿ ಬಂತು. ತಮ್ಮ ದಯೆಯಿಂದ ಇಂದು ನಮ್ಮ ಮನೆಯಲ್ಲಿ ಊರಿನ ಆಸ್ಪತ್ರೆಯನ್ನೇ ತೊಳೆದು ಮುಗಿಸುವಷ್ಟು ನೆಲ ಒರೆಸುವ ದ್ರಾವಣವಿದೆ, ಒರೆಸಲು ಮಾತ್ರ ನೆಲ ಕಾಣಿಸುತ್ತಿಲ್ಲ, ಏಕೆಂದರೆ ಅದರ ಮೇಲೆ ಬಾಟಲಿಗಳಿವೆ. ಜಾಮಿನ ಸೀಸೆಗಳೂ ಸಾಲಾಗಿ ನಿಂತಿವೆ. ಜಾಮ್ ತಿನ್ನುವವರು ನಮ್ಮ ಯಜಮಾನರೊಬ್ಬರೇ, ಅವರಿಗೆ ಸಕ್ಕರೆ ಕಾಯಿಲೆ. ಬೇಡದ್ದನ್ನು ಮೂರು ಸಲ ಕೊಳ್ಳದಿದ್ದರೆ ಬೇಡದ್ದು ನಾಲ್ಕನೆಯ ಸಲ ಪುಕ್ಕಟೆ ಸಿಗುವುದಿಲ್ಲ ಎಂಬ ಸತ್ಯ ಹೈಸ್ಕೂಲಿನಲ್ಲಿ ನನಗೆ ಯಾವ ಮೇಷ್ಟರೂ ಕಲಿಸಿರಲಿಲ್ಲ. ಬಾಟಲಿಯ ಮೇಲಿನ ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದಾಗ ಅದರ ಅಡಿಯಲ್ಲಿ ಕಡಿಮೆ ಬೆಲೆಯ ಇನ್ನೊಂದು ಚೀಟಿ ಇಣುಕಿತು. ಚಳಿಗೆಂದು ಎರಡು ಅಂಗಿ ತೊಡಿಸಿದ್ದೀರೆಂದು ಭಾವಿಸಿ ಸುಮ್ಮನಾದೆ.

ಇಷ್ಟೆಲ್ಲವನ್ನೂ ನುಂಗಿಕೊಳ್ಳಬಹುದಿತ್ತು. ಆದರೆ ಹೋದ ಭಾನುವಾರ ತಾವು ‘ಈ ಆಫರ್ ಒಬ್ಬರಿಗೆ ಒಂದೇ’ ಎಂದು ಹೊಸ ಬೋರ್ಡು ತೂಗುಹಾಕಿದಿರಿ. ನಮ್ಮ ಯಜಮಾನರು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ಟಿಲ್ಲದವರು ಹೇಳುವ ನೆಪಗಳನ್ನು ಜೀವಮಾನವಿಡೀ ಕೇಳಿ ಆ ವಿದ್ಯೆಯಲ್ಲಿ ಪಳಗಿದವರು. ಮನೆಮಂದಿಯನ್ನೆಲ್ಲ ಹಜಾರದಲ್ಲಿ ಸೇರಿಸಿ, “ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ ಸಾಲಲ್ಲಿ ನಿಲ್ಲೋಣ, ತಲೆಗೊಂದು ಆಫರ್ ಸಿಗುತ್ತೆ” ಎಂದು ಅಪ್ಪಣೆ ಕೊಡಿಸಿದರು. ನನಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ, ಆದರೆ ಇವರನ್ನು ಇವರ ಪಾಡಿಗೆ ಬಿಟ್ಟರೆ ಇನ್ನೇನನ್ನು ಹೊತ್ತು ತರುತ್ತಾರೋ ಎಂಬ ಭಯಕ್ಕೆ ನಾನೂ ಹೊರಟೆ.

ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹಿರಿಸೊಸೆ ತಮ್ಮ ಅಂಗಡಿಯ ತಳ್ಳುಗಾಡಿಯನ್ನು ನನ್ನ ಹಿಮ್ಮಡಿಗೆ ಗುದ್ದಿ, “ಸ್ವಲ್ಪ ಮುಂದೆ ಹೋಗ್ರೀ ಆಂಟಿ, ನಿದ್ದೆ ಮಾಡ್ತಿದೀರಾ?” ಎಂದಳು. ಎಷ್ಟೋ ವರ್ಷದಿಂದ ಕೂಡಿಟ್ಟುಕೊಂಡಿದ್ದ ಮಾತು ಅದೆಂದು ಅವಳ ಮುಖದ ತೃಪ್ತಿಯೇ ಸಾರುತ್ತಿತ್ತು. ಅವಳ ಮಗಳು, ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿತ ನನ್ನ ಮೊಮ್ಮಗಳು, “ಅಜ್ಜೀ” ಎಂದು ಕೈಚಾಚಿದಳು. ತಾಯಿ ಆ ಕೈಯನ್ನು ಹಿಡಿದೆಳೆದು, “ಅದು ನಮ್ಮಜ್ಜಿ ಅಲ್ಲ ಕಣೇ, ಯಾರೋ ಅಜ್ಜಿ” ಎಂದು ತಿದ್ದಿದಳು. ಬಿಲ್ಲು ಹಾಕುವ ತಮ್ಮ ಹುಡುಗಿಗೆ ಅನುಮಾನ ಬಂದು, ನನ್ನತ್ತ ಬೆರಳು ತೋರಿಸಿ, “ಸಾರ್, ಇವರು ನಿಮ್ಮ ಮನೆಯವರಾ?” ಎಂದು ಯಜಮಾನರನ್ನೇ ಕೇಳಿದಳು. “ಛೆ ಛೆ, ಯಾರೋ ಏನೋಮ್ಮ” ಎಂದರು. ಮದುವೆಯಾದ ಹೊಸತರಲ್ಲಿ ನನ್ನ ಹೆಸರು ಹೇಳಲು ತೊದಲುತ್ತಿದ್ದ ಬಾಯಿ, ನಿಂಬೆಹಣ್ಣಿನ ವಾಸನೆಯ ಒಂದು ಬಾಟಲಿ ದ್ರಾವಣಕ್ಕಾಗಿ ಒಮ್ಮೆಯೂ ತೊದಲಲಿಲ್ಲ.

ಅಪರಿಚಿತಳಾದವಳು ಅಪರಿಚಿತಳ ಹಾಗೆಯೇ ನಡೆದುಕೊಳ್ಳಬೇಕಲ್ಲವೇ? ಗಾಡಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು ಒಳಗಿನಿಂದ ಚಿಲಕ ಹಾಕಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು, “ನಾನು ಕಣೇ” ಎಂಬ ದನಿಯೂ ಕೇಳಿತು. “ನಾನು ಅಂದ್ರೆ ಯಾರ್ರೀ? ಮನೇಲಿ ಒಬ್ಬಳೇ ಇದೀನಿ, ಗುರುತಿಲ್ಲದವರಿಗೆಲ್ಲ ಬಾಗಿಲು ತೆಗೆಯಲ್ಲ” ಎಂದು ನ್ಯಾಯವಾಗಿಯೇ ಉತ್ತರಿಸಿದೆ. ಅಕ್ಕಪಕ್ಕದ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ನನ್ನ ಸಂಸಾರ ಮೆಟ್ಟಿಲಿನ ಮೇಲೆ, ಬಾಟಲಿಗಳ ನಡುವೆ, ಬಿಸಿಲಿನಲ್ಲಿ ಕುಳಿತಿತು. ಕಡೆಗೆ ಒಬ್ಬೊಬ್ಬರೂ ಬೀದಿಗೆಲ್ಲ ಕೇಳುವಂತೆ ತಾನು ನನಗೆ ಏನಾಗಬೇಕೆಂದು ಕೂಗಿ ಹೇಳಿದ ಮೇಲೆಯೇ ಒಳಗೆ ಬಿಟ್ಟೆ. ಯಜಮಾನರಿಂದ ಎರಡು ಸಲ ಹೇಳಿಸಿದೆ, ಎದುರುಮನೆಯವರ ಕಿವಿ ಸ್ವಲ್ಪ ಮಂದ.

ದೊಡ್ಡವರ ಲೆಕ್ಕ ಅಲ್ಲಿಗೆ ಚುಕ್ತಾ ಆಯಿತು. ಆದರೆ ಮರುದಿನ ಬೆಳಿಗ್ಗೆ ನಾನು ತಲೆ ಬಾಚಲು ಕರೆದಾಗ ಮೊಮ್ಮಗಳು ಬಾಗಿಲಲ್ಲೇ ನಿಂತು, “ಇವತ್ತು ನೀನು ನಮ್ಮಜ್ಜೀನಾ, ಯಾರೋ ಅಜ್ಜೀನಾ?” ಎಂದು ಕೇಳಿದಳು, ತಮಾಷೆಗಲ್ಲ. ಅಂದಿನಿಂದ ದಿನವೂ ಕೇಳಿಯೇ ಹತ್ತಿರ ಬರುತ್ತಾಳೆ. ಮಾನ್ಯರೇ, ಆ ನಾಲ್ಕನೆಯ ಬಾಟಲಿಗೆ ಬೆಲೆಯೇ ಇಲ್ಲವೆಂದು ಬರೆದಿದ್ದೀರಿ. ನಾನು ಕೊಟ್ಟಿದ್ದೇನೆ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ, ಮೊದಲನೆಯದಾಗಿ, ಬಿಲ್ಲು ಹಾಕುವ ಜಾಗದ ಪಕ್ಕದಲ್ಲೇ ಒಂದು ಕೌಂಟರು ತೆರೆದು, ಮೂರು ಬಾಟಲಿ ಹಿಂತಿರುಗಿಸಿದವರಿಗೆ ಕಳೆದುಹೋದ ಒಂದು ಸಂಬಂಧವನ್ನು ಉಚಿತವಾಗಿ ಕೊಡಿಸಬೇಕು. ಅದು ಕಷ್ಟವಾದರೆ, ನಾನು ಆ ಮಗುವಿನ ಸ್ವಂತ ಅಜ್ಜಿಯೆಂದೂ, ಈ ಸಂಬಂಧಕ್ಕೆ ವಾಯಿದೆ ಇಲ್ಲವೆಂದೂ, ದಾಸ್ತಾನು ಮುಗಿದರೂ ಇದು ಮುಗಿಯುವುದಿಲ್ಲವೆಂದೂ ಅದೇ ಕೆಂಪಕ್ಷರದಲ್ಲಿ ಒಂದು ಬೋರ್ಡು ಬರೆಸಿ, ಅವಳ ಕಣ್ಣಿಗೆ ಬೀಳುವಷ್ಟು ತಗ್ಗಿನಲ್ಲಿ ತೂಗುಹಾಕಬೇಕು. ಅವಳು ಸದ್ಯಕ್ಕೆ ಅಚ್ಚಾದದ್ದನ್ನು ಮಾತ್ರ ನಂಬುತ್ತಾಳೆ.

ಬೇರೆ ಅಂಗಡಿ ದೂರವಿರುವುದರಿಂದ ಮಾತ್ರ
ತಮ್ಮ ವಿಶ್ವಾಸಿಯಾಗಿ ಉಳಿದಿರುವ,
ಈ ಮನೆಯ ಯಜಮಾನಿ

ಮರೆತ ಮಾತು: ಈ ವಾರ ‘ಗಂಡ ಹೆಂಡತಿ ಜೊತೆಯಾಗಿ ಬಂದರೆ ಎರಡಕ್ಕೆ ಎರಡು ಉಚಿತ’ ಎಂದು ತಾವು ಬೋರ್ಡು ಹಾಕಿದ್ದೀರಂತೆ, ಯಜಮಾನರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾರೆ. ಖಂಡಿತ ಬರುತ್ತೇನೆ. ಪಕ್ಕದಲ್ಲಿರುವವರು ಯಾರೆಂದು ಈ ಸಲ ದಯವಿಟ್ಟು ತಮ್ಮ ಹುಡುಗಿ ನನ್ನನ್ನು ಕೇಳಲಿ, ಸಾಲಿನಲ್ಲಿ ಜನ ತುಂಬಿರುವಾಗ ಕೇಳಿದರೆ ಇನ್ನೂ ಉಪಕಾರ.