ಎಳೆಯದು ಎಂದು ಬರೆದ ಚೀಟಿ

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈ ವಾಯ್ಸ್ ನೋಟನ್ನು ಇಲ್ಲಿಗೇ ನಿಲ್ಲಿಸಿ ಬೇರೆ ಕೆಲಸ ನೋಡಿಕೊಳ್ಳಿ. ಕನ್ನಡಕ ಎಲ್ಲಿಟ್ಟೆ ಎಂಬುದನ್ನು ಮರೆಯುತ್ತೇನೆ, ಒಪ್ಪಿದೆ. ಕನ್ನಡಕಕ್ಕೆ ಕತೆ ಇಲ್ಲ, ಅದಕ್ಕೇ ಮರೆಯುತ್ತೇನೆ. ಜೋಪಾನಪ್ಪನ ಆ ಗುರುವಾರ ಮಾತ್ರ ಗಂಟೆ ಗಂಟೆಗೂ ನೆನಪಿದೆ.

ಜೋಪಾನಪ್ಪ ಅವನ ಹೆಸರಲ್ಲ. ಸಿಕ್ಕಸಿಕ್ಕವರಿಗೆಲ್ಲ ‘ಜೋಪಾನ’ ಎನ್ನುತ್ತಿದ್ದುದಕ್ಕೆ ಅಂಟಿಕೊಂಡದ್ದು. ಮುರಿದ ಮೂಳೆಗೆ, ಹರಿದ ನರಕ್ಕೆ ಬದಲಿಯನ್ನು ಬೆಳೆಸುವ ಸಂಶೋಧನಾಲಯದಲ್ಲಿ ಅವನು ಸಹಾಯಕ. ನರ ಅಂದರೆ ರಕ್ತ ಹರಿಯುವುದಲ್ಲ. ಮಾಂಸವನ್ನು ಮೂಳೆಗೆ ಕಟ್ಟಿಹಾಕುವ ಹಗ್ಗ. ಪುಸ್ತಕದವರು ಸ್ನಾಯುರಜ್ಜು ಎನ್ನುತ್ತಾರೆ. ಜೀವಕೋಶಗಳನ್ನು ಮೆತ್ತನೆಯ ದಾರದ ಮೇಲೆ ಕೂರಿಸಿ, ಗುಲಾಬಿ ಬಣ್ಣದ ಪೋಷಕ ನೀರಿನ ಡಬ್ಬಿಯೊಳಗೆ ಎರಡು ಕ್ಲಿಪ್ಪುಗಳ ನಡುವೆ ಕಟ್ಟಿ, ಬೆಚ್ಚಗಿಟ್ಟು ಬೆಳೆಸುತ್ತಾರೆ. ಸುಮ್ಮನೆ ಬಿಟ್ಟರೆ ಅದು ಮನೆಯಳಿಯನ ಹಾಗೆ ಊದಿಕೊಳ್ಳುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಅದಕ್ಕೇ ಒಂದು ಮಷೀನು ಹತ್ತು ಸೆಕೆಂಡಿಗೊಮ್ಮೆ ಅದನ್ನು ಕೂದಲಷ್ಟು ಎಳೆದು ಬಿಡುತ್ತಿರುತ್ತದೆ.

ಜೋಪಾನಪ್ಪ ಹನ್ನೊಂದು ವರ್ಷದಿಂದ ಹಂಗಾಮಿ. ಅಂದು ನಾಲ್ಕು ಗಂಟೆಗೆ ಬರುವ ಸಮಿತಿ ಅವನ ಹುದ್ದೆಯನ್ನು ಖಾಯಂ ಮಾಡುವುದೋ ತೆಗೆದುಹಾಕುವುದೋ ಎಂದು ತೀರ್ಮಾನಿಸುವುದಿತ್ತು.

ಬೆಳಿಗ್ಗೆ ಒಳಗೆ ಬಂದು ನೋಡುತ್ತಾನೆ, ಮಷೀನು ನಿಂತಿದೆ. ಡಬ್ಬಿಯ ಮೇಲೆ ಸಂಶೋಧನಾಲಯದ ಮುಖ್ಯಸ್ಥೆ ಮೇಡಂ ಅಂಟಿಸಿಹೋದ ಚೀಟಿ: ‘ಎಳೆಯದು. ನೋಡಿಕೊಳ್ಳಿ.’ ಮೇಡಂ ಆಗಲೇ ಸಮಿತಿಯವರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೊರಟಿದ್ದರು.

ಬಾಗಿಲ ಕಾವಲುಗಾರ ಹೆಗಲ ಮೇಲಿಂದ ಇಣುಕಿ ಓದಿದ. “ಎಳೆಯದು ಅಂದ್ರೆ ಎಳೆಯಲ್ಲ ಅಂತ. ಮಷೀನ್ ಕೆಟ್ಟಿದೆ ಕಣಯ್ಯಾ. ನೋಡ್ಕೊಳ್ಳಿ ಅಂದ್ರೆ, ನೀನೇ ಎಳಿ ಅಂತ.”

“ಒಂದ್ಸಲ ಸ್ವಿಚ್ ಹಾಕಿ ನೋಡ್ಲಾ ಅಣ್ಣಾ?”

“ಹಾಕು. ಹೊಗೆ ಬರ್ಲಿ. ಸಮಿತಿಯೋರು ಅದರಲ್ಲೇ ಕೈ ಕಾಯಿಸ್ಕೊಳ್ಳಲಿ.”

ಮಷೀನಿನ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಸಣ್ಣ ಹಿಡಿ ಇತ್ತು. ಜೋಪಾನಪ್ಪ ಸ್ಟೂಲು ಎಳೆದುಕೊಂಡು ಕೂತ. ಕಾಲು ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹತ್ತು ಎಣಿಸು. ಮತ್ತೆ ಮುಂದೆ.

ಹನ್ನೊಂದು ಗಂಟೆಗೆ ಟೈಪಿಸ್ಟ್ ಅಕ್ಕ ಬಂದಳು. “ಅಷ್ಟು ಮೆಲ್ಲಗೆ ಎಳೆದ್ರೆ ಅದಕ್ಕೇನು ಗೊತ್ತಾಗುತ್ತೆ? ಮಗೂಗೆ ಜಡೆ ಹಾಕ್ದಂಗೆ ಎಳಿ.” ಹನ್ನೆರಡಕ್ಕೆ ಮಣಿಕಟ್ಟು ಹಿಡಿದುಕೊಂಡಿತು. ಎಡಗೈಗೆ ಬದಲಾಯಿಸಿದ. ಎಡಗೈಗೆ ಎಣಿಕೆಯೇ ತಿಳಿಯದು. ಶೌಚಕ್ಕೆ ಓಡಿ ಬರುವಷ್ಟರಲ್ಲಿ ಕಾವಲುಗಾರ ಬಾವಿಯಿಂದ ನೀರು ಸೇದುವವನಂತೆ ಎಳೆಯುತ್ತಿದ್ದ. “ನೀನು ಹಿಂದೆ ಬಿದ್ದಿದ್ದೆ. ಸರಿ ಮಾಡ್ದೆ,” ಎಂದ.

ಮಧ್ಯಾಹ್ನ ಅಕ್ಕ ತುತ್ತು ತಿನ್ನಿಸಿದಳು. ನಡುವೆ ಹೆಂಡತಿಯ ಫೋನು ಬಂತು. ಅಕ್ಕನೇ ಕಿವಿಗೆ ಹಿಡಿದಳು.

“ಏನ್ರೀ ಮಾಡ್ತಿದೀರಾ?”

“ಎಳೀತಿದೀನಿ.”

“ಹನ್ನೊಂದು ವರ್ಷದಿಂದ ಅದೇ ತಾನೆ. ಇವತ್ತಾದ್ರೂ ಖಾಯಂ ಆಗುತ್ತೋ ಇಲ್ವೋ ಹೇಳಿ.”

ಮೂರಕ್ಕೆ ದಾರಿಯಿಂದ ಮೇಡಂ ಫೋನ್ ಮಾಡಿದರು. “ಚೀಟಿ ನೋಡಿದ್ರಿ ತಾನೆ? ಅದಿನ್ನೂ ಎಳೇದು, ಹಸುಗೂಸು. ಎಳೆದ್ರೆ ಹರಿದುಹೋಗುತ್ತೆ ಅಂತ ನಾನೇ ಮಷೀನ್ ಆಫ್ ಮಾಡಿದ್ದು. ಯಾರೂ ಕೈ ಹಾಕಿಲ್ಲ ಅಲ್ವಾ?”

ಜೋಪಾನಪ್ಪ ಹಿಡಿಯಿಂದ ಕೈ ತೆಗೆದ. “ಇಲ್ಲ ಮೇಡಂ. ಗಾಳೀನೂ ಸೋಕಿಲ್ಲ.”

ಫೋನಿಟ್ಟು ಇಬ್ಬರಿಗೂ ಕೈಮುಗಿದ. “ಅಣ್ಣಾ, ಅಕ್ಕಾ, ಯಾರು ಕೇಳಿದ್ರೂ ಇದನ್ನ ಯಾರೂ ಮುಟ್ಟಿಲ್ಲ. ನನ್ನ ಹೆಂಡ್ತಿ ಮಕ್ಕಳ ಅನ್ನ ನಿಮ್ಮ ಬಾಯಲ್ಲಿದೆ.”

“ಕತ್ತು ಕುಯ್ದರೂ ಹೇಳಲ್ಲ,” ಎಂದ ಕಾವಲುಗಾರ. ಅಕ್ಕ ಆಣೆ ಇಟ್ಟಳು.

ನಾಲ್ಕಕ್ಕೆ ಸಮಿತಿ ಬಂತು. ಅಧ್ಯಕ್ಷರು ಅಂಗಡಿಯಲ್ಲಿ ಮುಂದಿಟ್ಟ ಹಣ್ಣು ಬಿಟ್ಟು ಬುಟ್ಟಿಯ ತಳಕ್ಕೆ ಕೈ ಹಾಕುವ ಪೈಕಿ. ಮೇಡಂ ತೋರಿಸಿದ ಬಲಿತ ಎಳೆಗಳನ್ನೆಲ್ಲ ಬಿಟ್ಟು, “ಆ ಮೂಲೇಲಿ ಇರೋದನ್ನ ಎಳೆದು ತೋರಿಸಿ,” ಎಂದರು.

“ಸರ್, ಅದು ತೀರಾ ಎಳೇದು,” ಎಂದರು ಮೇಡಂ.

“ಅದೇ ಬೇಕು.”

ಎಳೆಯನ್ನು ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿದರು. ಜೋಪಾನಪ್ಪ ಕಣ್ಣು ಮುಚ್ಚಿಕೊಂಡ. ಮುಳ್ಳು ಏರಿತು, ಇನ್ನೂ ಏರಿತು. ಬಲಿತವು ಹರಿಯುವ ಗುರುತನ್ನೂ ದಾಟಿತು. ಎಳೆ ಜಗ್ಗಲಿಲ್ಲ.

“ಇದಕ್ಕೇನು ಮಾಡಿದ್ರಿ?” ಎಂದರು ಅಧ್ಯಕ್ಷರು.

“ಏನೂ ಇಲ್ಲ ಸರ್. ಮಷೀನೂ ಆಫ್ ಆಗಿತ್ತು,” ಎಂದರು ಮೇಡಂ, ತಮಗೇ ನಂಬಿಕೆ ಬಾರದೆ.

ಅಧ್ಯಕ್ಷರು ಜೋಪಾನಪ್ಪನ ಕಡೆ ತಿರುಗಿದರು. “ನೀವು?”

“ನಾನು ಬೆರಳೂ ತಾಗಿಸಿಲ್ಲ ಸರ್.”

ಅಧ್ಯಕ್ಷರು ಪೆನ್ನು ತೆಗೆದು, ಬರೆಯುತ್ತಲೇ ಗಟ್ಟಿಯಾಗಿ ಓದಿದರು: “ಯಾರೂ ಮುಟ್ಟದೆ ಬಿಟ್ಟರೆ ಎಳೆ ಎರಡು ಪಟ್ಟು ಬಲವಾಗಿ ಬೆಳೆಯುತ್ತದೆ. ಆದ್ದರಿಂದ ಸಹಾಯಕನ ಹುದ್ದೆ ಅನಗತ್ಯ.”

ಜೋಪಾನಪ್ಪ ಬದನೆಕಾಯಿಯಂತೆ ಊದಿದ ಮಣಿಕಟ್ಟನ್ನು ಮುಂದೆ ಚಾಚಿದ. “ಸರ್, ಸುಳ್ಳು ಹೇಳ್ದೆ. ನಾನೇ ಎಳೆದದ್ದು. ಬೆಳಿಗ್ಗೆಯಿಂದ ಎರಡು ಸಾವಿರ ಸಲ. ಬೇಕಿದ್ರೆ ಇವರನ್ನ ಕೇಳಿ.”

ಅಧ್ಯಕ್ಷರು ಕೇಳಿದರು. ಕಾವಲುಗಾರ ಎದೆ ಸೆಟೆಸಿ ನಿಂತ. “ಯಾರೂ ಮುಟ್ಟಿಲ್ಲ ಸಾರ್.” ಅಕ್ಕ ಸೀಲಿಂಗ್ ಫ್ಯಾನು ನೋಡುತ್ತ ಹೇಳಿದಳು: “ಪಾಪ, ಕೆಲಸ ಹೋಗೋ ಭಯಕ್ಕೆ ಏನೇನೋ ಹೇಳ್ತಿದಾನೆ. ಅವನು ಮುಟ್ಟೇ ಇಲ್ಲ ಸರ್.”

ಸಮಿತಿ ಸಹಿ ಹಾಕಿ ಹೊರಟಿತು. ಕಾವಲುಗಾರ ಜೋಪಾನಪ್ಪನ ಹೆಗಲ ಮೇಲೆ ಕೈಯಿಟ್ಟ. “ನೋಡಿದ್ಯಾ? ಕೊನೇಲಿ ನೀನೇ ಬಾಯಿಬಿಟ್ಟೆ. ನಾವು ಬಿಡಲಿಲ್ಲ.”

ಇದನ್ನು ಕೇಳಿದವರು ಇನ್ನಿಬ್ಬರಿಗೆ ಕಳಿಸಿ. ಆ ಅಧ್ಯಕ್ಷರ ಕಿವಿಗೆ ಬೀಳುವ ತನಕ ಕಳಿಸುತ್ತಲೇ ಇರಿ.