ಕಾಕಾನ ಸೋಮವಾರದ ಸೂಜಿ

ನಮ್ಮ ಕಾಕಾ ತೂಕ ಇಳಿಸಿಕೊಂಡಿದ್ದಾರೆ ಎಂದು ಸೇಡಂನಲ್ಲಿ ಯಾರಾದರೂ ಹೇಳಿದರೆ ನೀವು ನಂಬಬೇಡಿ. ಇಳಿಸಿಕೊಂಡಿಲ್ಲ, ನನ್ನ ಹೆಸರಿಗೆ ವರ್ಗಾಯಿಸಿದ್ದಾರೆ! ಸಾಕ್ಷಿ ಬೇಕಿದ್ದರೆ ನನ್ನ ಅಂಗಿಯ ಗುಂಡಿಗಳನ್ನು ಕೇಳಿ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಚಂದ್ರಂಪಳ್ಳಿ ಜಲಾಶಯದಲ್ಲಿ ಕಾಲುವೆಗೆ ನೀರನ್ನು ಅಳೆದು ಬಿಡುತ್ತಿದ್ದ ಈ ಮನುಷ್ಯ ತುಪ್ಪವನ್ನು ಮಾತ್ರ ಒಮ್ಮೆಯೂ ಅಳೆದು ಹಾಕಿಸಿಕೊಂಡವರಲ್ಲ. ಹೋಳಿಗೆ ಎಣಿಸುವುದೆಂದರೆ ಅವರ ಪ್ರಕಾರ ಹೋಳಿಗೆಗೆ ಮಾಡುವ ಅವಮಾನ. ಹೀಗೆ ಬೆಳೆಸಿದ ದೇಹವನ್ನು ಹೊತ್ತು ಹೊತ್ತು ಮೊಣಕಾಲುಗಳು ಒಂದು ದಿನ ಕೈಕೊಟ್ಟವು. ವಾಡಿ ಸ್ಟೇಶನ್ನಿನ ಮೇಲ್ಸೇತುವೆಯ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಹತ್ತಬೇಕಿದ್ದ ಗಾಡಿ ಕಣ್ಣೆದುರೇ ಹೋಯಿತು. ಕಾಕಾ ಬೆವರು ಒರೆಸಿಕೊಂಡು, "ಹೋಗ್ಲಿ ಬಿಡು, ಪಾಪ, ಅದಕ್ಕೇನ್ ಕೆಲಸ ಅದನೋ ಏನೋ" ಎಂದರು.

ಕಲಬುರಗಿಯ ಡಾಕ್ಟರು ಸಕ್ಕರೆ ಕಾಯಿಲೆ ನೋಡಿದರು, ಮೊಣಕಾಲು ನೋಡಿದರು, ಕೊನೆಗೆ ಹೊಟ್ಟೆ ನೋಡಿ ನಿಟ್ಟುಸಿರು ಬಿಟ್ಟರು. ತೂಕ ಇಳಿಯದಿದ್ದರೆ ಕಾಲು ಉಳಿಯುವುದಿಲ್ಲ, ಮುಂದೆ ಹಾಸಿಗೆಯೇ ಗತಿ ಎಂದು ಹೆದರಿಸಿ, ವಾರಕ್ಕೊಂದರಂತೆ ಇಂಜೆಕ್ಷನ್ ಬರೆದುಕೊಟ್ಟರು. ನೋಡಲು ಪೆನ್ನಿನಂತಿರುತ್ತದೆ, ಹೊಟ್ಟೆಗೆ ತಾವೇ ಚುಚ್ಚಿಕೊಳ್ಳಬೇಕು. ಹಸಿವು ಅರ್ಧಕ್ಕೆ ಅರ್ಧ ಸತ್ತುಹೋಗುತ್ತದಂತೆ.

ವಾರದ ಯಾವ ದಿನವಾದರೂ ಆದೀತು ಎಂದಿದ್ದರು ಡಾಕ್ಟರು. ಕಾಕಾ ಸೋಮವಾರ ಹಿಡಿದರು, ಬಸವಣ್ಣನ ವಾರ. ಮುಂಜಾನೆ ಲಿಂಗಪೂಜೆ ಮುಗಿಸಿ, ಫ್ರಿಜ್ಜಿನಿಂದ ಪೆನ್ನು ತೆಗೆದು, ಅದರ ಮುಚ್ಚಳಕ್ಕೂ ಒಂದೆಳೆ ವಿಭೂತಿ ಹಚ್ಚಿ, ಆಮೇಲೆ ಚುಚ್ಚಿಕೊಳ್ಳುತ್ತಿದ್ದರು.

"ಸೂಜಿಗ್ಯಾಕ್ರಿ ಕಾಕಾ ವಿಭೂತಿ?" ಎಂದೆ.

"ಅದರ ಕೆಲಸ ಸಣ್ಣದೇನು, ತಮ್ಮಾ? ಈ ಹೊಟ್ಟಿ ಸಂಗಟ ಗುದ್ದಾಡಬೇಕು ಅದು."

ಸೂಜಿ ಗೆದ್ದಿತು. ಒಂದು ರೊಟ್ಟಿಗೇ ಕಾಕಾನ ಹೊಟ್ಟೆ ತುಂಬತೊಡಗಿತು. ನನ್ನ ಸಂಕಟ ಶುರುವಾದದ್ದು ಅಲ್ಲಿಂದ. ನಮ್ಮ ಮನೆತನದಲ್ಲಿ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ. ಒಂದು ಅಗುಳು ಬಿಡುವಂತಿಲ್ಲ, ಉಂಡಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯಬೇಕು. ಇತ್ತ ಚಿಂಚೋಳಿಯಿಂದ ಶಹಾಬಾದಿನವರೆಗೆ ಹಬ್ಬಿರುವ ನಮ್ಮ ಬೀಗರೋ, "ಬ್ಯಾಡ" ಎಂದರೆ "ನಾಚಿಕಿ ಮಾಡ್ಕೋಬ್ಯಾಡ್ರಿ" ಎಂದು ಎರಡು ಹೆಚ್ಚು ಹಾಕುವವರು. ಒಂದು ಕಡೆ ಸೂಜಿ, ಇನ್ನೊಂದು ಕಡೆ ಪ್ರಸಾದ. ನಡುವೆ ಸಿಕ್ಕಿಬಿದ್ದ ಕಾಕಾ ಒಂದು ಉಪಾಯ ಹುಡುಕಿದರು. ಆ ಉಪಾಯವೇ ನಾನು.

ಎಲ್ಲೇ ಊಟವಿರಲಿ, ನನ್ನನ್ನು ಎಡಗಡೆ ಕೂರಿಸಿಕೊಳ್ಳುವರು. ಬಡಿಸಿದವರು ಬೆನ್ನು ತಿರುಗಿಸಿದ್ದೇ ತಡ, ಕೈ ಹಚ್ಚುವ ಮುಂಚೆಯೇ ಹೋಳಿಗೆ ನನ್ನ ತಟ್ಟೆಗೆ ದಾಟಿಬಿಡುತ್ತಿತ್ತು. ಶಹಾಬಾದಿನಲ್ಲಿ ಬೀಗರ ಮಗಳ ಕುಬಸದ ದಿನ, ಅಂದರೆ ಸೀಮಂತದ ಊಟದಲ್ಲಿ, ಏನಾಯಿತು ಗೊತ್ತೆ? ಬೀಗಿತಿ ತಿರುಗಿ ನೋಡುತ್ತಾರೆ, ಕಾಕಾನ ತಟ್ಟೆ ಖಾಲಿ. "ಅಯ್ಯ, ತೀರೇ ಹೋಗ್ಯಾವಲ್ರಿ" ಎಂದು ಮತ್ತೆ ಹಾಕಿದರು. ಅವು ನನ್ನ ಕಡೆ ಬಂದವು. ತಟ್ಟೆ ಖಾಲಿ, ಮತ್ತೆ ಹಾಕಿದರು! ಆ ಮನೆಯ ಬೀಗಿತಿಗೆ ಸೋಲುವ ಅಭ್ಯಾಸವಿಲ್ಲ, ಕಾಕಾನಿಗೆ ನಿಜ ಹೇಳುವ ಧೈರ್ಯವಿಲ್ಲ, ನನಗೆ ಜಾಗವಿಲ್ಲ. ಊಟ ಮುಗಿದಾಗ ನೆಲದಿಂದ ನನ್ನನ್ನು ಎಬ್ಬಿಸಲು ಇಬ್ಬರು ಬೇಕಾದರು. ಕಾಕಾ ಮಾತ್ರ ಗೋಡೆ ಹಿಡಿದು ತಾವೇ ಎದ್ದು ನಿಂತರು.

"ನೋಡ್ದ್ಯಾ? ಸೂಜಿ ಕೆಲಸ ಮಾಡ್ಲಿಕತ್ತದ" ಎಂದರು ಹೆಮ್ಮೆಯಿಂದ.

ಎಲ್ಲರೂ ಕಾಕಾನ ಕಾಲನ್ನು ನೋಡಿ ಸಂತೋಷಪಡುತ್ತಿದ್ದಾಗ ಅವರ ಹೆಂಡತಿಯನ್ನು, ನಮ್ಮ ಕಕ್ಕಿಯನ್ನು, ಯಾರೂ ನೋಡಲಿಲ್ಲ. ಚಿತ್ತಾಪುರದಿಂದ ಮದುವೆಯಾಗಿ ಬಂದಾಗಿನಿಂದ ಅವರ ಗಡಿಯಾರವೆಂದರೆ ಗಂಡನ ಹಸಿವು. ಒಮ್ಮೆ ನಾನು ಹೋದಾಗ ಒಬ್ಬರೇ ತೊಗರಿಬೇಳೆ ಆರಿಸುತ್ತ ಕುಳಿತಿದ್ದರು. ಅವರದೂ ಮೈ ಇಳಿದಿತ್ತು. ಯಾಕೆಂದು ಕೇಳಿದೆ.

"ಇವ್ರು ನನ್ನ ಸಂಗಟ ಭಾಳ ಮಾತಾಡಿದವ್ರಲ್ಲಪ್ಪ. ಉಣ್ಣಾಕ ಕುಂತಾಗ ಅದು ಚಲೋ ಆಗ್ಯಾದ, ಇದು ಹಾಕು ಅಂತಿದ್ರು, ಅಷ್ಟೇ ಮಾತು. ಈಗ ಅದೂ ಇಲ್ಲ. ಇವ್ರ ಕಾಲು ನೆಟ್ಟಗಾಗ್ಲಿ ಅಂತ ಸನ್ನತಿ ಅಮ್ಮಗ ಹರಕಿ ಹೊತ್ತಾಕಿನೂ ನಾನೇ. ಖರೇ ಹೇಳ್ತೀನಿ, ಈ ಮನ್ಯಾಗ ಇನ್ನ ನನ್ನ ಕೆಲಸ ಏನು, ತಿಳಿವಲ್ದು. ನಂಗೂ ಉಣ್ಣಬೇಕು ಅನ್ಸೂದಿಲ್ಲ."

ಈ ಮಾತನ್ನು ನಾನು ಹೋಗಿ ಕಾಕಾನಿಗೆ ಹಾಗೆಯೇ ಹೇಳಿದೆ. ಕಾಕಾ ಏನಾದರೊಂದು ತಮಾಷೆ ಮಾಡುತ್ತಾರೆಂದುಕೊಂಡಿದ್ದೆ. ಮಾಡಲಿಲ್ಲ. ಮೊಣಕಾಲು ಸವರಿಕೊಂಡು ಎದ್ದು ಮನೆಯ ಕಡೆ ಹೊರಟರು.

ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಅಡುಗೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರುತ್ತಿತ್ತು, ಆದರೆ ತಾಳ ತಪ್ಪಿತ್ತು. ಇಣುಕಿದರೆ ಕಾಕಾ ಒಲೆಯ ಮುಂದೆ ನಿಂತಿದ್ದಾರೆ, ಜೋಳದ ಹಿಟ್ಟು ಹುಬ್ಬಿನವರೆಗೂ ಏರಿದೆ. ಕಕ್ಕಿ ಗಾಬರಿಯಿಂದ ಏಳಲು ನೋಡುತ್ತಿದ್ದರು.

"ಹಸಿವು ಹೋಗಿದ್ದು ನಂದು, ನಿಂದಲ್ಲ. ನೀ ಕುಂದ್ರು" ಎಂದರು ಕಾಕಾ.

ಬಡಿಸಿದವರು ಕೊನೆಗೆ ಉಣ್ಣುವುದು ನಮ್ಮ ಕಡೆಯ ಪದ್ಧತಿ. ಅಷ್ಟು ಹೊತ್ತಿಗೆ ರೊಟ್ಟಿ ಆರಿರುತ್ತದೆ. ಆ ಮನೆಗೆ ಬಂದಮೇಲೆ ಕಕ್ಕಿಯ ತಟ್ಟೆಗೆ ಹಂಚಿನಿಂದ ನೇರವಾಗಿ ರೊಟ್ಟಿ ಬಿದ್ದದ್ದು ಅವತ್ತೇ ಮೊದಲು. ಒಂದು ಅಂಚು ದಪ್ಪ, ಇನ್ನೊಂದು ಅಂಚು ಸೀದಿತ್ತು, ನಡುವೆ ತೂತು. ಕಕ್ಕಿ ಅದನ್ನು ಮುರಿದರು, ಬೆರಳು ಸುಟ್ಟು ಕೈ ಹಿಂದೆಗೆದರು, ಊದಿ ಊದಿ ತಿಂದರು. ನಾನು ಬಾಗಿಲಲ್ಲೇ ನಿಂತೆ.

"ಹ್ಯಾಂಗ್ ಆಗ್ಯಾದ?" ಕಾಕಾ ತಿರುಗದೆಯೇ ಕೇಳಿದರು.

"ಒಳಗ ಹಸಿ ಅದ" ಎಂದು ಕಕ್ಕಿ ಸೆರಗಿನಿಂದ ಕಣ್ಣೊರೆಸಿಕೊಂಡು ತಟ್ಟೆಯನ್ನು ಮತ್ತೆ ಮುಂದೆ ಚಾಚಿದರು.