ಆ ಅನ್ನು, ಪುಟ್ಟಿ

"ಒಂದು ಮಗುವಿಗೆ ಉಣ್ಸೋದು ಏನು ಮಹಾ ವಿದ್ಯೆ? ನೀನು ಆರಾಮಾಗಿ ಹೋಗಿ ಬಾ" ಎಂದು ಮಲ್ಲೇಶ್ ಹೆಂಡತಿ ತನುಜಾಗೆ ಹೇಳಿದ್ದೇ ತಪ್ಪಾಯಿತು. ಅದನ್ನು ಪಕ್ಕದ ಮನೆಯ ವಿಶಾಲಾಕ್ಷಮ್ಮ ಕೇಳಿಸಿಕೊಂಡದ್ದು ಇನ್ನೂ ದೊಡ್ಡ ತಪ್ಪಾಯಿತು.

ಮಲ್ಲೇಶ್ ಜಾವಳಿ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ರೈಟರು. ಬೆಳಿಗ್ಗೆ ಆಳುಗಳ ಹಾಜರಿ ಹಾಕುವುದು, ಸಂಜೆ ಕೊಯ್ದ ಹಣ್ಣು ತೂಗಿಸುವುದು ಅವನ ಕೆಲಸ. ಕೊಯ್ಲು ಶುರುವಾಯಿತೆಂದರೆ ಭಾನುವಾರವೂ ಇಲ್ಲ. ಮಗಳು ಸಹನಾ ಏಳುವ ಮೊದಲೇ ಹೊರಟು, ಅವಳ ಕಣ್ಣು ಎಳೆಯುವ ಹೊತ್ತಿಗೆ ಮನೆ ಸೇರುತ್ತಿದ್ದ. ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು ಅವನು ಗೇಟು ತೆಗೆಯುವಾಗ ತನುಜಾ ಮಗುವನ್ನು ಬಾಗಿಲಿಗೆ ಎತ್ತಿಕೊಂಡು ಬಂದು, "ಅಗೋ, ಅಪ್ಪ ಬಂದ್ರು ನೋಡು" ಎಂದು ತೋರಿಸುತ್ತಿದ್ದಳು. ಮಗು ಬೆರಳು ಚೀಪುತ್ತ ನೋಡುತ್ತಿತ್ತು, ಅಷ್ಟೆ. ಅವನು ಕೈಕಾಲು ತೊಳೆದು ಬರುವಷ್ಟರಲ್ಲಿ ಅದಕ್ಕೆ ನಿದ್ದೆ.

ಒಂದೂವರೆ ವರ್ಷದ ಸಹನಾ ಅಮ್ಮ ಅನ್ನುತ್ತಿದ್ದಳು. ವಿಶಾಲಾಕ್ಷಮ್ಮ ಅಜ್ಜಿ, ಕಾಗೆ ಕಾಕಾ. ಎಸ್ಟೇಟಿನ ಕಜ್ಜಿನಾಯಿಯನ್ನೂ ಏನೋ ಒಂದು ಹೆಸರಿಟ್ಟು ಕರೆಯುತ್ತಿದ್ದಳು. ಅಪ್ಪ ಎಂಬ ಮಾತು ಮಾತ್ರ ಇನ್ನೂ ಬಾಯಿಂದ ಬಿದ್ದಿರಲಿಲ್ಲ. ಅದೊಂದನ್ನು ಕೇಳಲು ಮಲ್ಲೇಶನ ಜೀವ ಹಪಹಪಿಸುತ್ತಿತ್ತು. ಆಳುಗಳ ಲೈನ್ ಮನೆಗಳ ಕಡೆ ಯಾರದೋ ಮಗು 'ಅಪ್ಪಾ' ಎಂದು ಕೂಗಿದರೆ ಇವನು ತಿರುಗಿ ನೋಡುತ್ತಿದ್ದ.

ಹಾಗಾಗಿ, ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ತನುಜಾ ವಸ್ತಾರೆಗೆ ಹೊರಟಾಗ ಅವನು ಖುಷಿಯಿಂದಲೇ ರಜೆ ಹಾಕಿದ. ಬಸ್ಸು ಹತ್ತಿದರೆ ಮಗು ತಿರುವಿಗೊಂದು ಸಲ ವಾಂತಿ ಮಾಡುತ್ತಿತ್ತು, ಕರೆದುಕೊಂಡು ಹೋಗುವ ಹಾಗಿರಲಿಲ್ಲ. ತನುಜಾ ಅಲ್ಲಿ ಹೋಗಿ ಉಡಲು ರೇಷ್ಮೆ ಸೀರೆಯನ್ನು ಗಂಡನ ಖಾಕಿ ಚೀಲಕ್ಕೇ ತುರುಕಿ ಹೆಗಲಿಗೆ ಹಾಕಿಕೊಂಡಳು.

"ನಿಮ್ಮ ಕೈಲಿ ಆಗುತ್ತೇನ್ರೀ?"

"ಹೋಗೇ ಮಾರಾಯ್ತಿ, ದಿನಾ ಐವತ್ತು ಆಳು ಸುಧಾರಿಸೋನು ನಾನು."

ತುತ್ತು ಕೊಟ್ಟ ಕೈಯನ್ನು ಮಗು ಮರೆಯುವುದುಂಟೆ? ಇವತ್ತು ಹೊಟ್ಟೆ ತುಂಬ ಉಣಿಸಿದರೆ ಸಂಜೆಯೊಳಗೆ ಅಪ್ಪ ಅಂದೇ ಅನ್ನುತ್ತಾಳೆ. ಇದು ಅವನ ಲೆಕ್ಕ.

ಹೆಸರುಬೇಳೆ ಅನ್ನವನ್ನು ತುಪ್ಪ ಹಾಕಿ ನುಣ್ಣಗೆ ಕಿವುಚಿ ಕೂತ. ಮೊದಲನೇ ತುತ್ತು ಬಾಯಿಗೆ ಹೋದಷ್ಟೇ ವೇಗದಲ್ಲಿ ವಾಪಸು ಬಂದು ಅವನ ಅಂಗಿಯ ಮೇಲೆ ಬಿತ್ತು. ಎರಡನೆಯದನ್ನು ಸಹನಾ ತಾನೇ ಇಸಿದುಕೊಂಡು ತಲೆಗೆ ಎಣ್ಣೆಯಂತೆ ತಿಕ್ಕಿಕೊಂಡಳು. ಮೂರನೆಯದು ಮಲ್ಲೇಶನ ಕಿವಿಯೊಳಗೆ ಹೋಯಿತು. ಆಮೇಲೆ ತಟ್ಟೆಯನ್ನು ಮಗುಚಿ, ಚೆಲ್ಲಿದ ಅನ್ನದ ಮೇಲೆ ನೆಮ್ಮದಿಯಾಗಿ ಕೂತಳು. ಸಹನಾ ಎಂದು ಹೆಸರಿಟ್ಟವರನ್ನು ಹುಡುಕಿ ಕೇಳಬೇಕು ಅನಿಸಿತು ಅವನಿಗೆ. ಹೆಸರಿಟ್ಟವನು ಅವನೇ.

"ದೃಷ್ಟಿ ಆಗಿದೆ ಮಾರಾಯ, ನಿನಗೆ ಅಷ್ಟೂ ಗೊತ್ತಾಗಲ್ವಾ?" ಎನ್ನುತ್ತ ವಿಶಾಲಾಕ್ಷಮ್ಮ ಒಣಮೆಣಸಿನಕಾಯಿ ಹಿಡಿದುಕೊಂಡೇ ಬಂದರು. ಮೂರು ಸಲ ನಿವಾಳಿಸಿ ಒಲೆಯ ಕೆಂಡಕ್ಕೆ ಹಾಕಿದರು. "ಘಾಟು ಬರ್ಲಿಲ್ಲ ಅಂದ್ರೆ ದೃಷ್ಟಿ ಆಗಿದೆ ಅಂತ್ಲೇ."

ಘಾಟು ಬಂತು. ಎಂಥ ಘಾಟೆಂದರೆ ಮೂವರೂ ಕೆಮ್ಮುತ್ತ, ಸೀನುತ್ತ ಅಂಗಳಕ್ಕೆ ಓಡಿದರು. "ದೃಷ್ಟಿ ಆಗಿಲ್ಲ ಬಿಡು" ಎಂದು ವಿಶಾಲಾಕ್ಷಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಅದೇ ಹೊತ್ತಿಗೆ ಎಸ್ಟೇಟಿನ ಒಡೆಯ ಸಾಹುಕಾರ್ ಚಂದ್ರಶೇಖರಪ್ಪನವರ ಜೀಪು ಬಂದು ನಿಂತಿತು.

"ಏನೋ ಮಲ್ಲೇಶ, ಮನೆಗೆ ಬೆಂಕಿ ಗಿಂಕಿ ಬಿತ್ತಾ?"

"ಇಲ್ಲ ಸಾರ್. ಮಗು ಊಟ ಮಾಡ್ತಾ ಇದೆ."

ಸಾಹುಕಾರರಿಗೆ ನಗು ಬಂತು. "ನಮ್ಮ ಅಶ್ವಿನ್ ಸಣ್ಣೋನಿದ್ದಾಗ ಸ್ಟೇರಿಂಗ್ ಹಿಡಿಸಿದ್ರೇ ಬಾಯಿ ತೆರೀತಿದ್ದ. ತಗಂಬಾ ಇಲ್ಲಿ" ಎಂದು ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡರು. ಮಲ್ಲೇಶ್ ಇನ್ನೊಂದು ತಟ್ಟೆ ಅನ್ನ ಕಲಸಿಕೊಂಡು ಓಡಿ ಬಂದ. ಮಗುವಿಗೆ ಸ್ಟೇರಿಂಗ್ ಬೇಕಾಗಲಿಲ್ಲ, ಹಾರನ್ ಸಿಕ್ಕಿತು. ಎರಡೂ ಕೈ ಊರಿ ಒತ್ತಿದವಳು ಬಿಡಲೇ ಇಲ್ಲ.

ಆ ಎಸ್ಟೇಟಿನಲ್ಲಿ ಜೀಪಿನ ಉದ್ದ ಹಾರನ್ ಅಂದರೆ ತೂಕಕ್ಕೆ ಬನ್ನಿ ಎಂದು ಅರ್ಥ. ಗುಡ್ಡದ ಮೇಲಿದ್ದ ಆಳುಗಳೆಲ್ಲ ಹಣ್ಣಿನ ಚೀಲ ಹೊತ್ತು ದಡಬಡ ಇಳಿದು ಬಂದರು.

"ಇನ್ನೂ ಅರ್ಧ ಚೀಲ ಆಗಿಲ್ಲ ರೈಟ್ರೇ, ಈಗ್ಲೇ ತೂಕನಾ?" ಎಂದು ಮುಂದೆ ಬಂದ ಮೇಸ್ತ್ರಿ ನಿಂಗಯ್ಯ ಕೇಳಿದ.

ವಿಷಯ ತಿಳಿದ ಮೇಲೆ ಯಾರೂ ವಾಪಸು ಹೋಗಲಿಲ್ಲ. ಚೀಲ ಇಳಿಸಿ ಜೀಪಿನ ಸುತ್ತ ನಿಂತರು. "ಆ ಅನ್ನು, ಪುಟ್ಟಿ" ಎಂದು ನಿಂಗಯ್ಯ ಬಾಯಿ ತೆರೆದ. "ಹಂಗಲ್ಲ, ಹಿಂಗೆ" ಎಂದು ಇನ್ನೊಬ್ಬಳು ತೆರೆದಳು. ಅಷ್ಟೂ ಜನ ಬಾಯಿ ತೆರೆದರು, ವಿಶಾಲಾಕ್ಷಮ್ಮ ತೆರೆದರು, ಸಾಹುಕಾರರೂ ತೆರೆದರು. ಬಾಯಿ ಮುಚ್ಚಿಕೊಂಡಿದ್ದವಳು ಸಹನಾ ಒಬ್ಬಳೇ. ಪಾಪ, ಎಲ್ಲರಿಗೂ ಹಸಿವು ಎಂದುಕೊಂಡಳೋ ಏನೋ, ಅಪ್ಪನ ತಟ್ಟೆಯಿಂದ ಒಂದು ಹಿಡಿ ಅನ್ನ ಬಾಚಿ ಹತ್ತಿರದ ಬಾಯಿಗೆ ತುರುಕಿದಳು. ಹತ್ತಿರದ ಬಾಯಿ ಸಾಹುಕಾರರದು.

ಆಳುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾಹುಕಾರರು ಮೀಸೆ ಒರೆಸಿಕೊಂಡು ಮಗುವನ್ನು ಕೆಳಗಿಳಿಸಿದರು. "ಕೊಯ್ಲು ಮುಗಿಯೋವರೆಗೂ ರಜೆ ಅಂತ ನನ್ನ ಮುಂದೆ ಬಂದು ನಿಂತ್ಕೋಬೇಡ. ನೀನು ರಜೆ ಹಾಕಿದ್ರೆ ನನ್ನ ತೋಟಕ್ಕೇ ರಜೆ!" ಎಂದು ಹೊರಟುಹೋದರು.

ಇಳಿಹೊತ್ತಿಗೆ ಮಲ್ಲೇಶ್ ಮೆಟ್ಟಿಲ ಮೇಲೆ ಕುಸಿದು ಕೂತ. ಬೆಳಿಗ್ಗೆಯಿಂದ ಅವನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಉಳಿದ ಅನ್ನಕ್ಕೆ ಮಜ್ಜಿಗೆ ಸುರಿದು ಕಲಸಿಕೊಂಡ. ಇನ್ನು ಇಂಥದೊಂದು ಹಗಲು ಯಾವಾಗ ಸಿಗುತ್ತದೋ. ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಮಗಳ ಕಡೆ ತಿರುಗಿದ.

"ನಿಂಗೆ ನಾನು ಯಾರೂ ಅಲ್ವಾ ಪುಟ್ಟಿ?"

ಸಹನಾ ತಪ್ಪು ಹೆಜ್ಜೆ ಹಾಕುತ್ತ ಬಂದಳು. ಅವನ ಮೊಣಕಾಲು ಹಿಡಿದು ನಿಂತು, ಯಾರೂ ಹೇಳದೆ, "ಆ" ಎಂದು ಬಾಯಿ ತೆರೆದಳು.

ಮಲ್ಲೇಶ್ ಉಸಿರು ಬಿಗಿಹಿಡಿದು ಒಂದು ತುತ್ತು ಇಟ್ಟ. ಉಗುಳಲಿಲ್ಲ. ಇನ್ನೊಂದು, ಮತ್ತೊಂದು. ತಟ್ಟೆ ಖಾಲಿಯಾಯಿತು. ಅವನ ಬೆರಳನ್ನೂ ನೆಕ್ಕಿ, ಅನ್ನ ಮೆತ್ತಿದ ಪುಟ್ಟ ಕೈಯನ್ನು ಅವನ ಕೆನ್ನೆಗೆ ಒತ್ತಿ, ಸಹನಾ ಹೇಳಿದಳು:

"ಅಮ್ಮ."

"ಅಮ್ಮ ಅಲ್ಲ ಚಿನ್ನಾ, ಅಪ್ಪ. ಅಪ್ಪ ಅನ್ನು."

"ಅಮ್ಮ" ಎಂದಳು ಇನ್ನೂ ಗಟ್ಟಿಯಾಗಿ.

"ಉಣ್ಸಿದೋರನ್ನ ಅದು ಇನ್ನೇನಂತ ಕರೀಬೇಕೋ?" ಎಂದರು ಬೇಲಿಯಾಚೆಯಿಂದ ವಿಶಾಲಾಕ್ಷಮ್ಮ.

ಗೇಟು ಕಿರುಗುಟ್ಟಿತು. ಮಬ್ಬುಗತ್ತಲಲ್ಲಿ, ಹೆಗಲಿಗೆ ಖಾಕಿ ಚೀಲ ಹಾಕಿಕೊಂಡು ತನುಜಾ ಬರುತ್ತಿದ್ದಳು. ಮಲ್ಲೇಶ್ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತ. ಸಹನಾ ಬಾಯಿಂದ ಬೆರಳು ತೆಗೆದಳು. ಎರಡೂ ಕೈ ಗೇಟಿನ ಕಡೆ ಚಾಚಿ, ಹುಟ್ಟಿದಾಗಿನಿಂದ ಮೊದಲ ಸಲ, ಸ್ಪಷ್ಟವಾಗಿ ಕೂಗಿದಳು:

"ಅಪ್ಪ!"

"ಅಯ್ಯೋ ರೀ, ಅಪ್ಪ ಅಂದ್ಲು!" ತನುಜಾ ಗೇಟಿನಲ್ಲೇ ನಿಂತು ಕುಣಿದಾಡಿದಳು. "ಅಂತೂ ಹೇಳ್ಕೊಟ್ರಲ್ಲ! ಖುಷಿ ಆಯ್ತಾ?"

ಮಲ್ಲೇಶ್ ಅವಳ ಹೆಗಲ ಮೇಲಿನ ಚೀಲವನ್ನೇ ನೋಡಿದ.

"ಕೈಕಾಲು ತೊಳ್ಕೊಂಡು ಬಾ" ಎಂದ.

ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಮಗುವಿಗೆ ನಿದ್ದೆ.